ರಾಗಿ ಕೇಂದ್ರಕ್ಕೆ, ಹಾಲು ಡೇರಿಗೆ, ರಕ್ತ ಕಮ್ಮಿ ಮನೆಯೋರಿಗೆ

ಮಳೆ ಹದವಾಗಿದೆ. ಇನ್ನು ಹತ್ತು ಹದಿನೈದು ದಿನದಲ್ಲಿ ಎಲ್ಲರೂ ರಾಗಿ ಬಿತ್ತನೆಗೆ ಇಳೀತೀರಿ. ಬಿತ್ತಿದ ಮೇಲೆ ಹೇಳಿ ಪ್ರಯೋಜನ ಇಲ್ಲ, ಅದಕ್ಕೆ ಈಗಲೇ ಬರೀತಿದ್ದೀನಿ. ಸ್ವಲ್ಪ ಖಾರ ಅನ್ನಿಸಬಹುದು, ಉದ್ದಾನೂ ಆಗುತ್ತೆ. ಟೀ ಕುಡ್ಕೊಂಡು ನಿಧಾನಕ್ಕೆ ಓದಿ. ಟೀ ವಿಷಯಾನೂ ಕೆಳಗೆ ಬರುತ್ತೆ.

ನಾನು ಹೇಳೋದು ಇಷ್ಟೇ. ನಮ್ಮ ಮನೆ ಹೆಂಗಸರು ಮಕ್ಕಳಿಗೆ ರಕ್ತ ಕಮ್ಮಿ, ಮೂಳೆ ಸವೆತ, ಸುಸ್ತು ಅಂತ ಓಡಾಡ್ತಿದ್ದೀವಲ್ಲ, ಅದರ ಅರ್ಧ ಕಾರಣ ನಮ್ಮ ಹೊಲದಲ್ಲೇ ಇದೆ. ಅಕ್ಕಡಿ ಸಾಲು ತೆಗೆದ್ವಿ, ತಟ್ಟೆಯಿಂದ ಕಾಳು ಹೋಯ್ತು. ಕಳೆನಾಶಕ ಹೊಡೆದ್ವಿ, ಬೆರಕೆ ಸೊಪ್ಪು ಹೋಯ್ತು. ರಾಗಿ ಅಷ್ಟೂ ಖರೀದಿ ಕೇಂದ್ರಕ್ಕೆ ತುಂಬಿದ್ವಿ, ಮುದ್ದೇನೂ ಚಿಕ್ಕದಾಯ್ತು. ಇಷ್ಟೂ ಮಾಡಿ ಈಗ ಪೌಷ್ಟಿಕ ಆಹಾರ ಅಂತ ಡಬ್ಬಿ ತರೋಕೆ ಪೇಟೆಗೆ ಹೋಗ್ತಿದ್ದೀವಿ.

ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಾನೆ ಅನ್ಬೇಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ಆಯ್ತಲ್ಲ, ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 47.8 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5. ಅದಕ್ಕೆ ಮುಂಚಿನ ಸಮೀಕ್ಷೆ 2015-16ರದ್ದು, ಆಗ ಹೆಂಗಸರದ್ದು 44.8, ಮಕ್ಕಳದ್ದು 60.9 ಇತ್ತು. ಅಂದ್ರೆ ಕಮ್ಮಿ ಆಗೋದಿರಲಿ, ಜಾಸ್ತಿ ಆಗಿದೆ. ಈ ಐದಾರು ವರ್ಷದಲ್ಲಿ ನಮ್ಮೂರಲ್ಲಿ ಏನು ಕಮ್ಮಿ ಆಗಿತ್ತು ಹೇಳಿ? ಬೈಕ್ ಕಮ್ಮಿ ಆಯ್ತಾ, ಮೊಬೈಲ್ ಕಮ್ಮಿ ಆಯ್ತಾ, ಬೋರ್‌ವೆಲ್ ಕಮ್ಮಿ ಆಯ್ತಾ? ಹೊಟ್ಟೆಗಿಲ್ಲದೆ ಮಲಗಿದ ಮನೆ ನನಗೆ ಗೊತ್ತಿದ್ದಂಗೆ ಒಂದೂ ಇಲ್ಲ. ಹೊಟ್ಟೆ ತುಂಬಿದೆ, ರಕ್ತ ತುಂಬಿಲ್ಲ.

ಡೇರಿ ಹತ್ರ ಈ ಮಾತು ಎತ್ತಿದಾಗ ಒಬ್ಬ ಯಜಮಾನರು, "ಅದೆಲ್ಲ ಬಯಲುಸೀಮೆ ಬಡವರ ಕತೆ ಕಣಪ್ಪ, ನಾವು ಮುದ್ದೆ ತಿನ್ನೋ ಜನ, ನಮಗೇನು" ಅಂದ್ರು. ಅಲ್ಲಾ ಯಜಮಾನ್ರೇ, ನಾವಿರೋದು ಯಾವ ಸೀಮೆ? ಅವತ್ತು ಸಂಜೆಯೇ ಅವರ ಮನೆ ಮುಂದೆ ಆಶಾ ಕಾರ್ಯಕರ್ತೆ ಅವರ ಸೊಸೆಗೆ ಕಬ್ಬಿಣದ ಮಾತ್ರೆ ಎಣಿಸಿ ಕೊಡ್ತಾ ನಿಂತಿದ್ದನ್ನ ನಾನೇ ನೋಡಿದೆ. ಮುದ್ದೆ ತಿನ್ನೋ ಜನ ಅನ್ನೋದು ಹೆಸರಿಗೆ ಉಳಿದಿದೆ. ಬೆಳಗ್ಗೆ ರೇಷನ್ ಅಕ್ಕಿ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಯಜಮಾನರಿಗೆ ಒಂದು ಮುದ್ದೆ, ಉಳಿದೋರಿಗೆ ಮತ್ತೆ ಅನ್ನ. ಮಕ್ಕಳಿಗಂತೂ ಮುದ್ದೆ ಅಂದ್ರೆ ಮುಖ ಸಿಂಡರಿಸೋ ಹಂಗಾಗಿದೆ.

ಲೆಕ್ಕ ನೋಡೋಣ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಅಂತ ಇದೆ. ನಮ್ಮ ದೇಶದ ಯಾವ ಕಾಳಲ್ಲಿ, ಯಾವ ಸೊಪ್ಪಲ್ಲಿ ಏನೇನು ಎಷ್ಟಿದೆ ಅಂತ ಪರೀಕ್ಷೆ ಮಾಡಿ 2017ರಲ್ಲಿ ಪಟ್ಟಿ ಹೊರತಂದಿದ್ದಾರೆ. 100 ಗ್ರಾಂ ರಾಗಿಲಿ ಸುಣ್ಣದ ಅಂಶ, ಅದೇ ಕ್ಯಾಲ್ಸಿಯಂ, 360 ಮಿಲಿಗ್ರಾಂ ಹತ್ರ ಇದೆ. ಪಾಲಿಶ್ ಅಕ್ಕಿಲಿ 10ಕ್ಕಿಂತ ಕಮ್ಮಿ. ಹಸುವಿನ ಹಾಲಲ್ಲಿ 120ರ ಆಸುಪಾಸು. ಕಬ್ಬಿಣ ರಾಗಿಲಿ 4ರಿಂದ 5 ಮಿಲಿಗ್ರಾಂ, ಪಾಲಿಶ್ ಅಕ್ಕಿಲಿ 1ಕ್ಕಿಂತ ಕಮ್ಮಿ, ಹುರುಳಿಲಿ 8ರ ಮೇಲೆ. ಒಂದು ದಿನಕ್ಕೆ ದೊಡ್ಡೋರಿಗೆ 1,000 ಮಿಲಿಗ್ರಾಂ ಸುಣ್ಣ ಬೇಕು ಅಂತ ಐಸಿಎಂಆರ್ ಹೇಳುತ್ತೆ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಅಂದ್ಕೊಂಡ್ರೂ ಎರಡು ಮುದ್ದೆಗೆ 700 ಬಂತು. ಅದೇ ಎರಡು ಹೊತ್ತು ಅನ್ನ ಉಂಡ್ರೆ ಎಷ್ಟು ಬಂತು, ನೀವೇ ಲೆಕ್ಕ ಹಾಕಿ. ಮಂಡಿ ನೋವು ಅಂತ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ಮಾತ್ರೆಗೆ ಚೀಟಿ ಬರೆಸ್ಕೊಳ್ಳೋ ಅಜ್ಜಮ್ಮಂದಿರ ಹೊಲದಲ್ಲೇ ಆ ರಾಗಿ ಬೆಳೀತಿದೆ, ಲಾರಿ ಹತ್ತಿ ಹೋಗ್ತಿದೆ.

ಆದ್ರೆ ರಾಗಿ ಒಂದೇ ಸಾಕು ಅನ್ನೋರ ಜತೆಗೂ ನನಗೆ ಜಗಳ ಇದೆ. ಅದೇ ಪಟ್ಟಿ ನೋಡಿ, ಪ್ರೋಟೀನ್ ವಿಷಯದಲ್ಲಿ ರಾಗಿ ಅಕ್ಕಿಗಿಂತ ದೊಡ್ಡದೇನಲ್ಲ. ಎರಡರಲ್ಲೂ 100 ಗ್ರಾಂಗೆ 7-8 ಗ್ರಾಂ. ಹುರುಳಿ, ತೊಗರಿ, ಅವರೆ ಇವುಗಳಲ್ಲಿ 20 ಗ್ರಾಂ ಆಸುಪಾಸು ಇದೆ. ರಾಗಿಯ ಪ್ರೋಟೀನಿನಲ್ಲಿ ಯಾವ ಅಂಶ ಕಮ್ಮಿ ಇದೆಯೋ ಅದು ಕಾಳಲ್ಲಿದೆ, ಕಾಳಲ್ಲಿ ಕಮ್ಮಿ ಇರೋದು ರಾಗಿಲಿದೆ. ಎರಡೂ ಒಟ್ಟಿಗೆ ಹೊಟ್ಟೆಗೆ ಬಿದ್ರೆ ಮೈಗೆ ಹತ್ತುತ್ತೆ. ನಮ್ಮ ಹಿರೀಕರಿಗೆ ಈ ಪಟ್ಟಿ ಗೊತ್ತಿರಲಿಲ್ಲ. ಅವರ ಹೊಲದಲ್ಲಿ ರಾಗಿ ಮಧ್ಯೆ ಅವರೆ ಇತ್ತು, ಮನೇಲಿ ಮುದ್ದೆ ಪಕ್ಕದಲ್ಲಿ ಅವರೆ ಸಾರಿತ್ತು, ಅಷ್ಟೇ.

ಅಕ್ಕಡಿ ಅಂದ್ರೆ ಏನು ಅಂತ ಈಗಿನ ಹುಡುಗರಿಗೆ ಹೇಳಬೇಕಾಗಿದೆ. ಕೂರಿಗೇಲಿ ರಾಗಿ ಬಿತ್ಕೊಂಡು ಹೋಗೋವಾಗ ಹಿಂದೆ ಒಬ್ಬರು ಸಡ್ಡೆ ಹಿಡ್ಕೊಂಡು ಬರ್ತಿದ್ರು. ಇಷ್ಟು ಸಾಲಿಗೆ ಒಂದು ಸಾಲು ಅಂತ ಅವರೆ, ತೊಗರಿ, ಅಲ್ಲಲ್ಲಿ ಜೋಳ, ಸಾಸಿವೆ, ಹುಚ್ಚೆಳ್ಳು, ಬದುವಿನ ಅಂಚಿಗೆ ಹರಳು. ಸಡ್ಡೆ ಹಿಡೀತಿದ್ದೋರು ಬಹುತೇಕ ಹೆಂಗಸರೇ. ಬೀಜ ಆರಿಸಿ, ಬೂದಿ ಬೆರೆಸಿ, ಮಡಕೇಲಿ ಕಟ್ಟಿಡ್ತಿದ್ದೋರೂ ಅವರೇ. ಒಂದು ಹೊಲದಿಂದ ಮುದ್ದೆ, ಸಾರು, ಒಗ್ಗರಣೆ, ಚಟ್ನಿಪುಡಿ, ದೀಪದ ಎಣ್ಣೆ ತನಕ ಬರ್ತಿತ್ತು. ಮಳೆ ಕೈಕೊಟ್ಟು ರಾಗಿ ಹೋದ್ರೂ ತೊಗರಿ, ಹರಳು ನಿಲ್ಲೋದು. ಬರೀ ಹಳೇ ಕಾಲದ ಹಾಡು ಇದು ಅನ್ಬೇಡಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲಾ ಎಂಟು ಸಾಲಿಗೆ ಒಂದು ಸಾಲು ಅವರೆ ಹಾಕಿ ಅಂತಲೇ ಹೇಳ್ತಾರೆ.

ಹೊಸ ತಳಿ ಬೇಡ ಅಂತಾನೂ ನಾನು ಹೇಳ್ತಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾ ರಾಗಿ ಕೂಡಿಸಿ ಇಂಡಾಫ್ ತಳಿ ಕೊಟ್ಟ ಮೇಲೇ ನಮ್ಮ ಅಪ್ಪಂದಿರ ಕಾಲದಲ್ಲಿ ಕಣಜ ತುಂಬಿದ್ದು. ಆ ಇಂಡಾಫ್ ಮಧ್ಯೆಯೂ ಅಕ್ಕಡಿ ಇತ್ತು. ಅಕ್ಕಡಿ ಹೋಗಿದ್ದು ತಳಿಯಿಂದಲ್ಲ. ಯಂತ್ರದಿಂದ, ಕಳೆನಾಶಕದಿಂದ.

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಎಲ್ಲರೂ ಜಾರಿಕೊಳ್ಳೋ ಜಾಗ ಇದೇ. ರಾಗಿ ಹೊಲಕ್ಕೆ ನಾವು ಹೊಡೆಯೋ 2,4-ಡಿ ಯಾವುದನ್ನ ಕೊಲ್ಲುತ್ತೆ? ಅಗಲ ಎಲೆ ಗಿಡಗಳನ್ನ. ರಾಗಿ ಹುಲ್ಲಿನ ಜಾತಿ, ಅದು ಉಳ್ಕೊಳ್ಳುತ್ತೆ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಎಲ್ಲಾ ಅಗಲ ಎಲೆ. ಅಂದ್ರೆ ಆ ಔಷಧಿ ಹೊಡೀಬೇಕು ಅಂದ್ರೆ ಅಕ್ಕಡಿ ಇರಬಾರದು. ಅಕ್ಕಡಿ ಇಟ್ರೆ ಔಷಧಿ ಹೊಡೆಯೋ ಹಂಗಿಲ್ಲ. ಇನ್ನು ಅಣ್ಣೆ ಸೊಪ್ಪು, ಕಿರಕಸಾಲೆ, ಗೋಣಿ ಸೊಪ್ಪು, ಗಣಿಕೆ, ಹೊನಗೊನೆ? ಇವೂ ಎಲ್ಲಾ ಅಗಲ ಎಲೇನೇ. ಅಂಗಡಿಯೋರ ಲೆಕ್ಕದಲ್ಲಿ ಇವು ಕಳೆ. ನಮ್ಮವ್ವಂದಿರ ಲೆಕ್ಕದಲ್ಲಿ ಇದೇ ಮಸ್ಸೊಪ್ಪು, ಇದೇ ಬಸ್ಸಾರು. ಕಳೆ ತೆಗೆಯೋಕೆ ಹೋದೋರು ಸಂಜೆ ಬರೋವಾಗ ಮಡಿಲು ತುಂಬಾ ಬೆರಕೆ ಸೊಪ್ಪು ತರ್ತಿದ್ರು. ಹೊಲ ಇಲ್ಲದ ಕೂಲಿಯೋರ ಮನೆಗೂ ಆ ಸೊಪ್ಪು ಹೋಗ್ತಿತ್ತು, ಯಾರೂ ದುಡ್ಡು ಕೇಳ್ತಿರಲಿಲ್ಲ. ಈಗ ಅದೇ ಸೊಪ್ಪನ್ನ ಕಟ್ಟು ಕಟ್ಟಿ ಬೆಂಗಳೂರಲ್ಲಿ ಮಾರ್ತಾರೆ. ನಮ್ಮೂರಲ್ಲಿ ಎಕರೆಗಟ್ಟಲೆ ಹುಡುಕಿದ್ರೂ ಒಂದು ಸಾರಿಗಾಗೋಷ್ಟು ಸಿಗಲ್ಲ. ಸಿಕ್ಕಿದ್ರೂ ಯಾವ ಹೊಲಕ್ಕೆ ಯಾವತ್ತು ಏನು ಹೊಡೆದಿದ್ದಾರೋ ಅಂತ ಕೀಳೋಕೆ ಭಯ. ಆ ಭಯ ನ್ಯಾಯವಾದದ್ದೇ. ಔಷಧಿ ಹೊಡೆದ ಹೊಲದ ಸೊಪ್ಪು ಕೀಳಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಅಡಿಕೆ ತೋಟದೋರ ಕತೆ ಬೇರೆ ಹೇಳಬೇಕಾಗಿಲ್ಲ, ಪಾತಿ ಕ್ಲೀನ್ ಇರಬೇಕು ಅಂತ ಗ್ಲೈಫೋಸೇಟ್ ಹೊಡೆದು ನೆಲ ಸುಟ್ಟ ಚಾಪೆ ಥರ ಮಾಡಿ ಇಟ್ಟಿರ್ತಾರೆ.

"ಕಳೆ ಕೀಳೋಕೆ ಆಳು ಎಲ್ಲವೆ ತೋರ್ಸು" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆಳಿಲ್ಲ, ಇದ್ರೆ ಕೂಲಿ ಕೊಟ್ಟು ಪೂರೈಸಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತ ಹೆಂಗಸರ ಸೊಂಟ ಬಿದ್ದುಹೋಗಿದ್ದೂ ಸತ್ಯ, ಅದನ್ನ ವಾಪಸ್ಸು ತನ್ನಿ ಅನ್ನೋಕೆ ನನಗೆ ಬಾಯಿ ಬರಲ್ಲ. ಕಟಾವು ಯಂತ್ರ ಹೊಲಕ್ಕೆ ಇಳಿದ್ರೆ ಮಧ್ಯೆ ನಿಂತ ತೊಗರಿ ಅಡ್ಡ ಬರುತ್ತೆ, ಅದೂ ಗೊತ್ತು. ಅದಕ್ಕೇ ನಾನು ಇಡೀ ಹೊಲ ಕೇಳ್ತಿಲ್ಲ. ಮನೆಗೆ ಹತ್ತಿರ ಇರೋ ಕಡೆ 10 ಗುಂಟೆ. ಎರಡು ಎಕರೆ ಇರೋರಿಗೆ 80 ಗುಂಟೇಲಿ 10. ಅಷ್ಟಕ್ಕೆ ಔಷಧಿ ಬೇಡ, ಯಂತ್ರ ಬೇಡ. ಅಷ್ಟಕ್ಕೆ ಕುಂಟೆ ಹೊಡೆದು, ಮನೆಯೋರೇ ಎರಡು ದಿನ ಕಳೆ ತೆಗೆದ್ರೆ ಆಯ್ತು. ಮನೆಯೋರು ಅಂದ್ರೆ ಗಂಡಸರೂ ಸೇರಿ, ಹೇಳಿಬಿಡ್ತೀನಿ.

ಇನ್ನು ದುಡ್ಡಿನ ಮಾತು. ರಾಗಿ ಬೆಂಬಲ ಬೆಲೆ 2017-18ರಲ್ಲಿ ಕ್ವಿಂಟಲ್‌ಗೆ 1,900 ಇತ್ತು. ಮುಂದಿನ ವರ್ಷಕ್ಕೇ 2,897 ಆಯ್ತು. 2025-26ಕ್ಕೆ 4,886. ಒಳ್ಳೇದೇ ಆಯ್ತು, ರಾಗಿ ಬೆಳೆಯೋನಿಗೆ ಮರ್ಯಾದೆ ಬಂತು, ನಾನೂ ಮಾರ್ತೀನಿ. ಆದ್ರೆ ಮೊದಲು ಮನೆಗೆ ತುಂಬಿ, ಮಿಕ್ಕಿದ್ದು ಮಾರ್ತಿದ್ದ ಪದ್ಧತಿ ತಿರುವುಮುರುವು ಆಗಿದ್ದೂ ಆಗಲೇ ಅನ್ನೋದು ನನ್ನ ಲೆಕ್ಕ. ಈಗ ಮೊದಲು ಕೇಂದ್ರ, ಮಿಕ್ಕಿದ್ರೆ ಮನೆ. ಐದು ಜನರ ಮನೆಗೆ ತಲೆಗೆ ದಿನಕ್ಕೆ 150 ಗ್ರಾಂ ಹಿಟ್ಟು ಅಂದ್ರೆ ವರ್ಷಕ್ಕೆ ಎಷ್ಟು? 274 ಕೆಜಿ. ಮೂರು ಕ್ವಿಂಟಲ್ ಅಂತ ಇಟ್ಕೊಳ್ಳಿ. ಮೂರು ಕ್ವಿಂಟಲ್ ಮಾರದೇ ಇದ್ರೆ ಕೈಬಿಟ್ಟು ಹೋಗೋದು 14,658 ರೂಪಾಯಿ. ಆ ದುಡ್ಡು ಏನಾಗುತ್ತೆ ಅಂತ ಒಂದು ವರ್ಷ ಬರೆದಿಟ್ಟು ನೋಡಿ. ಬೇಕರಿ ಬಿಸ್ಕತ್ತು, ಬನ್ನು, ಐದು ರೂಪಾಯಿ ಕುರುಕಲು ಪ್ಯಾಕೆಟ್ಟು, ಮ್ಯಾಗಿ, ಬಾಟಲಿ ಜ್ಯೂಸು. ಮಗು ಅಳ್ತು ಅಂತ ಅಂಗಡಿ ಮುಂದೆ ನಿಂತಾಗ ಯಾರಿಗೂ ಲೆಕ್ಕ ಬರಲ್ಲ.

ಡೇರಿ ಕತೇನೂ ಹಿಂಗೇ. ಬೆಳಗ್ಗೆ ಸಂಜೆ ಸೇರಿ 12 ಲೀಟರ್ ಹಾಕೋ ಮನೇಲಿ ಕಾಲು ಲೀಟರ್ ಉಳಿಸ್ತಾರೆ, ಅದೂ ಟೀಗೆ. ಮೊಸರಿಲ್ಲ, ಮಜ್ಜಿಗೆ ಇಲ್ಲ. ಬೇಕಾದಾಗ ಅದೇ ಡೇರಿ ಪ್ಯಾಕೆಟ್ ಮೊಸರು ತರ್ತೀವಿ. ಬಿ12 ಅಂತ ಒಂದು ವಿಟಮಿನ್ ಇದೆ. ಕಮ್ಮಿ ಆದ್ರೆ ಕೈಕಾಲು ಜೋಮು, ಮರೆವು, ರಕ್ತವೂ ಕಮ್ಮಿ. ಅದು ಸೊಪ್ಪಲ್ಲಿ ಸಿಗಲ್ಲ, ರಾಗಿಲಿ ಸಿಗಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲೇ ಸಿಗೋದು. ಮಾಂಸ ಮುಟ್ಟದ ಮನೆಗಳಲ್ಲಿ ಹಾಲೂ ಪೂರಾ ಡೇರಿಗೆ ಹೋದ್ರೆ ಬಿ12 ಎಲ್ಲಿಂದ ಬರಬೇಕು? ತಿನ್ನೋರ ಮನೇಲಿ ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಬಿಟ್ಕೊಳ್ಳೋಕೆ ಏನು ಕಷ್ಟ? ಸರ್ಕಾರಿ ಶಾಲೇಲಿ ಮಕ್ಕಳಿಗೆ ಮೊಟ್ಟೆ ಕೊಡ್ತಾರೆ, ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡ್ತಾರೆ. ರಾಗಿ ಬೆಳೆದೋನ ಮಗು ರಾಗಿ ಅಂಬಲಿ ಕುಡಿಯೋಕೆ ಶಾಲೆಗೆ ಹೋಗಬೇಕು ಅನ್ನೋ ಪರಿಸ್ಥಿತಿ. ಕೊಡೋರನ್ನ ಬಯ್ತಿಲ್ಲ, ಅವರಿಗೆ ಕೈಮುಗೀಬೇಕು. ನಮ್ಮನ್ನ ನಾವು ಬಯ್ಕೋಬೇಕು.

ರೇಷನ್ ಅಕ್ಕೀನೂ ನಾನು ಬಯ್ಯಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟು ಮನೆಗಳಲ್ಲಿ ಒಲೆ ಎರಡು ಹೊತ್ತು ಉರೀತು ಅಂತ ನೋಡಿದ್ದೀನಿ. ಕೂತಲ್ಲೇ ತಿಂದು ಸೋಮಾರಿ ಆದ್ರು ಅಂತ ಮಾತಾಡೋರಿಗೆ ಹಸಿವು ಗೊತ್ತಿಲ್ಲ. ಆ ಅಕ್ಕೀಲಿ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿದ ಕಾಳು ಬೆರೆಸಿ ಕೊಟ್ಟಾಗ ನಾವೇನು ಮಾಡಿದ್ವಿ? "ಪ್ಲಾಸ್ಟಿಕ್ ಅಕ್ಕಿ" ಅಂತ ವಾಟ್ಸಾಪ್‌ನಲ್ಲಿ ಹಬ್ಬಿಸಿ ಮೊರದಲ್ಲಿ ಆರಿಸಿ ಆರಿಸಿ ಹೊರಗೆ ಬಿಸಾಕಿದ್ವಿ. ಅಕ್ಕಿ ಹೊಟ್ಟೆ ತುಂಬಿಸೋಕೆ ಇರಲಿ. ನನ್ನ ತಕರಾರು ತಟ್ಟೇಲಿ ಅಕ್ಕಿ ಒಂದೇ ಉಳ್ಕೊಂಡಿರೋದಕ್ಕೆ.

ಈಗ ಡಬ್ಬಿ ಮಾರೋರಿಗೆ ಬರ್ತೀನಿ. ಹೋದ ತಿಂಗಳು ನಮ್ಮೂರ ಭಜನೆ ಮನೇಲಿ ಇಬ್ಬರು ಟೈ ಕಟ್ಕೊಂಡು ಬಂದು ಹೆಂಗಸರನ್ನ ಸೇರಿಸಿ ಭಾಷಣ ಮಾಡಿದ್ರು. ಅರ್ಧ ಕೆಜಿ ಪ್ರೋಟೀನ್ ಪುಡಿ, 2,000 ರೂಪಾಯಿ. ಸುಸ್ತು, ಮಂಡಿ ನೋವು, ಮುಟ್ಟಿನ ತೊಂದರೆ, ಸಕ್ಕರೆ, ಬಿಪಿ ಎಲ್ಲದಕ್ಕೂ ಒಂದೇ ಪುಡಿ. ನೀವು ನಾಲ್ಕು ಜನಕ್ಕೆ ಹಚ್ಚಿದ್ರೆ ನಿಮಗೆ ಕಮಿಷನ್ನು. ಒಂಬತ್ತು ಮನೆಯೋರು ತಗೊಂಡ್ರು, ಅದರಲ್ಲಿ ಮೂರು ಮನೆಯೋರು ಸಂಘದಲ್ಲಿ ಸಾಲ ಎತ್ತಿ ತಗೊಂಡ್ರು. ಆ ಡಬ್ಬಿ ಪೂರಾ ಪ್ರೋಟೀನೇ ಅಂತ ಇಟ್ಕೊಂಡ್ರೂ ಅರ್ಧ ಕೆಜಿ ಆಯ್ತು. ಅದೇ 2,000ಕ್ಕೆ ಹುರುಳಿ ಕೆಜಿಗೆ 80 ಅಂದ್ರೂ 25 ಕೆಜಿ ಬರುತ್ತೆ. ಅದರಲ್ಲಿ ಐದು ಕೆಜಿ ಮೇಲೆ ಪ್ರೋಟೀನ್ ಇದೆ, ಕಬ್ಬಿಣ, ಸುಣ್ಣ ಬಿಟ್ಟಿ. ಮೊಟ್ಟೆ 7 ರೂಪಾಯಿ ಅಂದ್ರೆ 285 ಮೊಟ್ಟೆ. ಟೈ ಕಟ್ಟಿದೋರು ಈ ಲೆಕ್ಕ ಹೇಳಲ್ಲ.

ಮಕ್ಕಳಿಗೆ ಹಾಲಿಗೆ ಹಾಕೋ ಚಾಕೊಲೇಟು ಪುಡಿ ಇನ್ನೊಂದು. ಉದ್ದ ಬೆಳೀತಾರೆ, ಬುದ್ಧಿ ಬರುತ್ತೆ ಅಂತ ಟಿವೀಲಿ ತೋರಿಸ್ತಾರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದೋರೇ ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಇಂಥ ಪುಡಿ, ಪಾನೀಯಗಳನ್ನ 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೀರಿ ಅಂದ್ರು. ಯಾಕಂದ್ರೆ ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನೋ ಪದಕ್ಕೆ ಅರ್ಥವೇ ಬರೆದಿಲ್ಲ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರ್ತಾರೆ, ಕನ್ನಡಕ ಹಾಕ್ಕೊಂಡು ಓದಿ.

ಸಿರಿಧಾನ್ಯದೋರನ್ನೂ ಬಿಡಲ್ಲ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡ್ತು, ಎಲ್ಲಾ ಕಡೆ ಮೇಳ ಆಯ್ತು, ಫೋಟೋ ಆಯ್ತು. ಬೆಳೆ ಬೆಳೆಸೋಕೆ ಅದು ಒಳ್ಳೇದೇ. ಆದ್ರೆ ಅದರ ನೆರಳಲ್ಲಿ, ಈ ಧಾನ್ಯ ಆರು ವಾರ ತಿಂದ್ರೆ ಸಕ್ಕರೆ ಕಾಯಿಲೆ ಹೋಗುತ್ತೆ, ಆ ಧಾನ್ಯ ತಿಂದ್ರೆ ಕ್ಯಾನ್ಸರ್ ಹೋಗುತ್ತೆ ಅಂತ ಹೇಳ್ಕೊಂಡು ಓಡಾಡೋರಿದ್ದಾರೆ. ಅವರ ಮಾತು ನಂಬಿ ಮಾತ್ರೆ ಬಿಟ್ಟು ಕಾಲಿನ ಬೆರಳು ಕಳ್ಕೊಂಡೋರು ನಮ್ಮ ಹೋಬಳೀಲೇ ಇದ್ದಾರೆ. ರಾಗಿ ಔಷಧಿ ಅಲ್ಲ, ಊಟ. ಸಕ್ಕರೆ ಇರೋರು ರಾಗಿ ತಾನೇ ಅಂತ ಮೂರು ಮುದ್ದೆ ಹೊಡೆದ್ರೆ ಸಕ್ಕರೆ ಏರೇ ಏರುತ್ತೆ. ಒಂದು ಸಣ್ಣ ಮುದ್ದೆ, ಬಟ್ಟಲು ತುಂಬಾ ಸೊಪ್ಪು ಕಾಳು, ಇದು ಲೆಕ್ಕ. ಮಾತ್ರೆ ಡಾಕ್ಟರು ಹೇಳಿದಂಗೆ. ಹಂಗೇ ಬಸುರಿ ಹೆಂಗಸರಿಗೆ ಕೊಡೋ ಕಬ್ಬಿಣದ ಮಾತ್ರೇನೂ ಬಿಡಿಸಬೇಡಿ. ವಾಂತಿ ಬರುತ್ತೆ, ಮಲ ಕಪ್ಪಾಗುತ್ತೆ, ಮಗು ಕಪ್ಪಾಗುತ್ತೆ ಅಂತ ಹಿತ್ತಲಿಗೆ ಎಸೀತಾರೆ. ಮಲ ಕಪ್ಪಾಗೋದು ಮಾತ್ರೆಯಿಂದ, ಹೆದರೋ ವಿಷಯ ಅಲ್ಲ. ಮಗು ಕಪ್ಪಾಗುತ್ತೆ ಅನ್ನೋದು ಸುಳ್ಳು. ರಕ್ತ ಪೂರಾ ಕಮ್ಮಿ ಆದ ಮೇಲೆ ಸೊಪ್ಪು ಒಂದರಿಂದಲೇ ಬೇಗ ಏರಲ್ಲ, ಮಾತ್ರೆ ಬೇಕೇ ಬೇಕು. ಸೊಪ್ಪು, ಕಾಳು ಇರೋದು ಆ ಸ್ಥಿತಿಗೆ ಹೋಗದೇ ಇರೋಕೆ.

ಟೀ ವಿಷಯ. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತೋದೇ ಕಮ್ಮಿ. ಅದರ ಜತೆ ಟೀ, ಕಾಫಿ ಬಿದ್ರೆ ಇನ್ನೂ ಕಮ್ಮಿ, ಅದರ ಒಗರು ಕಬ್ಬಿಣವನ್ನ ಹಿಡಿದಿಟ್ಕೊಳ್ಳುತ್ತೆ. ಉಂಡ ಕೈ ತೊಳೆಯೋ ಮೊದಲೇ ಟೀ ಇಡು ಅನ್ನೋ ಅಭ್ಯಾಸ ಇದೆಯಲ್ಲ, ಅದನ್ನ ಒಂದು ಗಂಟೆ ಮುಂದಕ್ಕೆ ಹಾಕಿ. ಅದರ ಬದಲು ಉಪ್ಸಾರಿಗೆ, ಕಾಳು ಪಲ್ಯಕ್ಕೆ ಮೇಲಿಂದ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಹುಳಿಯಲ್ಲಿರೋ ವಿಟಮಿನ್ ಸಿ ಆ ಕಬ್ಬಿಣ ಮೈಗೆ ಹತ್ತೋಕೆ ದಾರಿ ಮಾಡುತ್ತೆ. ಒಲೆ ಮೇಲೆ ಕುದಿಯೋವಾಗ ಹಿಂಡಬೇಡಿ, ಬಿಸಿಗೆ ಅದು ಹಾಳಾಗುತ್ತೆ. ಊಟದ ಜತೆ ಒಂದು ಸೀಬೆಕಾಯಿನೂ ಆಗುತ್ತೆ, ನೆಲ್ಲಿಕಾಯಿ ಆದ್ರಂತೂ ಇನ್ನೂ ಒಳ್ಳೇದು.

ನಮ್ಮ ಅಡುಗೇಲಿ ಇನ್ನೊಂದು ಜಾಣತನ ಇದೆ. ಬಸ್ಸಾರು. ಸೊಪ್ಪು ಕಾಳು ಬೇಯಿಸಿದ ನೀರು ಬಸಿದು, ಆ ಕಟ್ಟಿನಲ್ಲೇ ಸಾರು. ಬೇಯಿಸಿದ ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗಲ್ಲ, ತಟ್ಟೆಗೇ ಬರುತ್ತೆ. ರಾಗಿ, ಹುರುಳಿ, ಹೆಸರು ನೆನೆಸಿ ಮೊಳಕೆ ಕಟ್ಟಿದ್ರೆ ಅದರೊಳಗೆ ಕಬ್ಬಿಣವನ್ನ ಹಿಡಿದಿಟ್ಟಿರೋ ಅಂಶ ಕಮ್ಮಿ ಆಗುತ್ತೆ. ಮಗುವಿಗೆ ರಾಗಿ ಸರಿ ಮಾಡೋಕೆ ಹಿಂದಿನೋರು ಮೊಳಕೆ ಕಟ್ಟಿ ಒಣಗಿಸಿ ಬೀಸ್ತಿದ್ದದ್ದು ಇದೇ. ಒಂದು ಎಚ್ಚರಿಕೆ, ಹಿಟ್ಟು ಬೆಳ್ಳಗೆ ಕಾಣಲಿ ಅಂತ ಸಣ್ಣ ಜರಡೀಲಿ ಒಂದರೀಬೇಡಿ, ದೊಡ್ಡೋರ ಮುದ್ದೆಗಂತೂ ಬೇಡವೇ ಬೇಡ. ರಾಗಿಯ ಸುಣ್ಣ ಹೆಚ್ಚಾಗಿ ಇರೋದು ಹೊಟ್ಟಿನ ಭಾಗದಲ್ಲೇ. ಅದನ್ನ ಹಸುಗೆ ಹಾಕಿ ನಾವು ಮಾತ್ರೆ ನುಂಗ್ತೀವಿ. ಎಳ್ಳೂ ಹಂಗೇ, ಸಿಪ್ಪೆ ಸಮೇತ 100 ಗ್ರಾಂ ಎಳ್ಳಲ್ಲಿ ಸಾವಿರಕ್ಕೂ ಮೇಲೆ ಮಿಲಿಗ್ರಾಂ ಸುಣ್ಣ ಇದೆ. ನಾವು ಸಂಕ್ರಾಂತಿಗೆ ಒಂದು ದಿನ ಬೀರಿ ಮುಗಿಸ್ತೀವಿ. ಹುಚ್ಚೆಳ್ಳು ಚಟ್ನಿಪುಡಿ ಅಂತೂ ಹೊಸ ಹುಡುಗರು ರುಚಿನೇ ನೋಡಿಲ್ಲ. ನುಗ್ಗೆ ಸೊಪ್ಪಿನ ಬಗ್ಗೆ ಬೇರೆ ಬರೀತೀನಿ, ಅದು ಒಂದೇ ದೊಡ್ಡ ಕತೆ.

ಕೊನೇಲಿ ಒಂದು ಮಾತು, ಇದು ಬರೀ ಗಂಡಸರಿಗೆ. ಐಸಿಎಂಆರ್ ಲೆಕ್ಕದಲ್ಲಿ ದುಡಿಯೋ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29. ಅವಳಿಗೆ ತಿಂಗಳು ತಿಂಗಳು ರಕ್ತ ಹೋಗುತ್ತೆ, ಅದಕ್ಕೆ. ನಮ್ಮ ಮನೇಲಿ ಬಡಿಸೋದು ಹೆಂಗೆ? ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೇಲಿ ಹೆಂಗಸರು. ಗಟ್ಟಿ ಕಾಳು, ಪಲ್ಯ ಮೊದಲ ಪಂಕ್ತಿಗೇ ಖಾಲಿ. ಕೊನೇಲಿ ಉಳಿಯೋದು ತಳದ ತಿಳಿ ಸಾರು, ಸೀದ ಅನ್ನ. ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಸಿಗ್ತಿದೆ. ನಾಟಿ ಕೋಳಿ ಕುಯ್ದ ದಿನ ಈಲಿ ಯಾರ ತಟ್ಟೆಗೆ ಬೀಳುತ್ತೆ ಅಂತ ಒಂದ್ಸಲ ನೋಡ್ಕೊಳ್ಳಿ, ಈಲೀಲಿ ಕಬ್ಬಿಣ ಇದೆ ಅಂತ ಎಲ್ಲರಿಗೂ ಗೊತ್ತಿದೆ. "ನಮ್ಮನೇಲಿ ಹಂಗಿಲ್ಲ" ಅಂತ ಜಗಳಕ್ಕೆ ಬರೋರು ಮೊದಲು ಒಂದು ವಾರ ನೀವೇ ಕೊನೇಲಿ ಉಣ್ಣಿ, ಆಮೇಲೆ ಬನ್ನಿ, ಮಾತಾಡೋಣ. ಏನು ಬಿತ್ತಬೇಕು ಅಂತ ತೀರ್ಮಾನ ಮಾಡೋದೂ ಈಗ ಗೊಬ್ಬರದಂಗಡಿ ಜಗಲಿ ಮೇಲೆ, ಗಂಡಸರೇ. ಮಡಕೇಲಿ ಬೀಜ ಕಟ್ಟಿಡ್ತಿದ್ದೋರನ್ನ ಯಾರೂ ಕೇಳಲ್ಲ. ಈ ಸಲ ಕೂರಿಗೆ ಕಟ್ಟೋ ಮುಂಚೆ ಮನೇಲಿ ಕೇಳಿ, "10 ಗುಂಟೇಲಿ ಏನೇನು ಅಕ್ಕಡಿ ಹಾಕಾನ?" ಅಂತ. ಬರೋ ಪಟ್ಟಿ ನೋಡಿ ನಿಮಗೇ ಆಶ್ಚರ್ಯ ಆಗುತ್ತೆ.

ಬೀಜದ ವಿಷಯ. ನನ್ನ ಹತ್ರ ಸೊಗಡಿನ ನಾಟಿ ಅವರೆ ಬೀಜ 15 ಸೇರು ಇದೆ, ಚಳಿಗೆ ಹೂ ಬಿಡೋದು, ಮಾಗಿ ಕಾಲಕ್ಕೆ ಸೊನೆ ಅವರೆ ಆಗುತ್ತೆ. ಹುಚ್ಚೆಳ್ಳು ಎರಡು ಸೇರು, ತೊಗರಿ ಒಂದಷ್ಟು. 10 ಗುಂಟೆ ಅಕ್ಕಡಿಗೆ ಅವರೆ ಒಂದು ಸೇರು ಧಾರಾಳ. ದುಡ್ಡು ಬೇಡ, ಸುಗ್ಗಿ ಆದ ಮೇಲೆ ಒಂದಕ್ಕೆ ಎರಡು ವಾಪಸ್ಸು ಕೊಡಿ, ಬರೋ ವರ್ಷ ಇನ್ನೊಬ್ಬರಿಗೆ ಕೊಡಾನ. ಬೆಳಗ್ಗೆ ಹಾಲು ಹಾಕೋ ಹೊತ್ತಿಗೆ ಡೇರಿ ಹತ್ರ ಇರ್ತೀನಿ, ಚೀಲ ತನ್ನಿ. ಕಿರಕಸಾಲೆ, ಅಣ್ಣೆ ಸೊಪ್ಪಿನ ಬೀಜ ಯಾರ ಹತ್ರ ಆದ್ರೂ ಇದ್ರೆ ನನಗೆ ಒಂದು ಹಿಡಿ ಬೇಕು.